ಎಮ್ಮೆಪಾದೆ ಇರುವ ಊರು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪಾಲಿಬೆಟ್ಟದ ಹತ್ತಿರದ ಒಂದು ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಮದುವೆಯಾಗಿರಲಿಲ್ಲ. ನಮ್ಮ ಮನೆ ಭಾಗಮಂಡಲದ ಕಡೆ. ಅಲ್ಲಿ ಅವ್ವ ಮತ್ತು ಅಣ್ಣನ ಸಂಸಾರ. ನಾನು ಶಾಲೆಯ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದೆ. ಒಂದು ದಿನ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕಂಡೆ. ಪದವಿ ಮುಗಿಸಿದವರಿಗಾಗಿ ಮೈಸೂರಿನಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ತರಗತಿ. ವಿಷಯ, ಪ್ರಾದೇಶಿಕ ಮತ್ತು ಸಾಂಸ್ಕೃತಿಕ ಅಧ್ಯಯನ. ಪಾಠ ಭಾನುವಾರ ಮಾತ್ರ. ಬೇರೆ ಬೇರೆ ಆಡಳಿತಗಳಲ್ಲಿ ಇದ್ದ ಸೀಮೆಗಳು ಒಂದೇ ರಾಜ್ಯವಾಗಿದ್ದ ಕಾಲ. ಒಂದು ಸೀಮೆಯವರಿಗೆ ಇನ್ನೊಂದು ಸೀಮೆಯ ನಡೆನುಡಿ ತಿಳಿಯಲಿ ಎಂದು ಆ ತರಗತಿ ತೆರೆದಿದ್ದರು. ನಾನು ಅರ್ಜಿ ಹಾಕಿದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೆ ಬಸ್ಸು ಹಿಡಿಯುತ್ತಿದ್ದೆ. ತಿತಿಮತಿ ದಾಟಿ ಕಾಡು ಮುಗಿದು ಹುಣಸೂರಿನ ಬಯಲು ಕಾಣುವಾಗ ಏನೋ ಒಂದು ದೊಡ್ಡ ಕೆಲಸಕ್ಕೆ ಹೊರಟಿದ್ದೇನೆ ಅನ್ನಿಸುತ್ತಿತ್ತು. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮಲಗಿ, ಭಾನುವಾರ ಇಡೀ ದಿನ ಪಾಠ ಕೇಳಿ, ಸಂಜೆಯ ಬಸ್ಸಿಗೆ ವಾಪಸು. ತರಗತಿಯಲ್ಲಿ ನಾವು ಹದಿನಾಲ್ಕು ಮಂದಿ, ಹೆಂಗಸು ನಾನೊಬ್ಬಳೇ. ಹೆಚ್ಚಿನವರು ಮೇಷ್ಟ್ರುಗಳು. ಪಾಠ ಮಾಡುತ್ತಿದ್ದ ಪ್ರೊಫೆಸರರು ತೆಳ್ಳಗೆ, ಬಿಳಿ ಕೋಟು ಪೇಟದ ಹಳೆಯ ಕಾಲದವರು. ಗೋಡೆಗೆ ಒಂದು ನಕ್ಷೆ ತೂಗುಹಾಕಿ, ಅದರ ಮೇಲೆ ಕೋಲು ಇಟ್ಟು, ಒಂದೇ ವಸ್ತುವಿಗೆ ಎಲ್ಲೆಲ್ಲಿ ಏನೇನು ಹೇಳುತ್ತಾರೆ ಎಂದು ಕೇಳುತ್ತಿದ್ದರು. ಆಗ ತರಗತಿ ಸಂತೆಯಾಗುತ್ತಿತ್ತು. ಧಾರವಾಡದ ಕಡೆಯವರು ಒಂದು ಹೇಳಿದರೆ, ಕೋಲಾರದವರು ಇನ್ನೊಂದು.

ಮೊದಲ ದಿನ ಎಲ್ಲರ ಮನೆಮಾತು ಯಾವುದು ಎಂದು ಕೇಳಿದಾಗ ನಾನು ಕನ್ನಡ ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮ ಮನೆಯಲ್ಲಿ ಆಡುವುದು ಅರೆಭಾಷೆ. ಆ ಹೆಸರಿನಲ್ಲೇ ಒಂದು 'ಅರೆ' ಕೂತಿದೆಯಲ್ಲ, ಅದು ನನ್ನನ್ನು ಸಣ್ಣಂದಿನಿಂದ ಕುಟುಕುತ್ತಿತ್ತು. ಮಡಿಕೇರಿಯಲ್ಲಿ ಓದುವಾಗ ಯಾರೋ ನನ್ನ ಮಾತಿಗೆ ನಕ್ಕಿದ್ದರು. ಅಂದಿನಿಂದ ಮನೆಯ ಹೊಸ್ತಿಲು ದಾಟಿದ ಮೇಲೆ ನಾನು ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ. ಅವ್ವ ಸಂತೆಯಲ್ಲಿ ಜೋರಾಗಿ ನಮ್ಮ ಮಾತಿನಲ್ಲಿ ಕರೆದರೆ ಕೇಳಿಸದಂತೆ ನಿಂತದ್ದೂ ಉಂಟು.

ಸರ್ಟಿಫಿಕೇಟಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಪ್ರತಿಯೊಬ್ಬರೂ ಒಂದು ಸಣ್ಣ ಜಾಗವನ್ನು ಆರಿಸಿಕೊಂಡು ಅಲ್ಲಿಯ ಜನ ಎಲ್ಲಿಂದ ಬಂದವರು, ಏನು ಮಾತಾಡುತ್ತಾರೆ, ಏನು ಉಣ್ಣುತ್ತಾರೆ, ಯಾವ ದೈವ ದೇವರಿಗೆ ನಡೆದುಕೊಳ್ಳುತ್ತಾರೆ ಎಂದು ಬರೆದು ತರಬೇಕು. ನಾನು ನಮ್ಮ ಶಾಲೆಯ ಪಕ್ಕದ ಕಾಫಿ ಎಸ್ಟೇಟಿನ ಲೈನನ್ನು ಆರಿಸಿಕೊಂಡೆ. ಉದ್ದಕ್ಕೆ ಒಂದಕ್ಕೊಂದು ಅಂಟಿಕೊಂಡ ಕೂಲಿ ಮನೆಗಳು. ತಮಿಳರು, ಮಲೆಯಾಳಿಗಳು, ತುಳು ಮಾತಾಡುವವರು, ಯರವರು ಎಲ್ಲ ಅಲ್ಲಿದ್ದರು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಅರಕಲಗೂಡಿನ ಕಡೆಯವರು, ಒಳ್ಳೆಯ ಮನುಷ್ಯ. ತಮ್ಮ ಹಾಜರಿ ರಿಜಿಸ್ಟರನ್ನೇ ನನ್ನ ಮುಂದಿಟ್ಟರು.

"ಯಾರ್‍ಯಾರು ಎಲ್ಲೆಲ್ಲಿಂದ ಬಂದವ್ರೆ ಅಂತ ಇದ್ರಲ್ಲೇ ಐತೆ ನೋಡಿ ಟೀಚರಮ್ಮ. ಒಂದು ಅಜ್ಜಿದು ಬಿಟ್ಟು."

"ಯಾಕೆ, ಆ ಅಜ್ಜಿ ಎಲ್ಲಿಯವರು?"

"ಯಾರಿಗ್ ಗೊತ್ತು? ತಮಿಳು ಮೇಸ್ತ್ರಿ ಮನೇಲಿ ಬೆಳೆದೋಳು. ತಮಿಳರೋಳೇ ಅಂತ ಬರ್ಕೊಂಡಿದೀವಿ. ಊರು ಕೇಳಿದ್ರೆ ಅವ್ಳಿಗೂ ಗೊತ್ತಿಲ್ಲ."

ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡಿದ್ದ. ಹುಟ್ಟಿದ ಇಬ್ಬರು ಮಕ್ಕಳೂ ಸಣ್ಣದರಲ್ಲೇ ಹೋಗಿದ್ದರು. ಪಿಕ್ಕಿಂಗಿಗೆ ಹೋಗಲು ಬೆನ್ನು ಬಗ್ಗದು ಎಂದು ಕಾಫಿ ಒಣಗಿಸುವ ಕಣದಲ್ಲಿ ಕೂತು ಕಾಳು ಆರಿಸುವ ಕೆಲಸ ಕೊಟ್ಟಿದ್ದರು. ನಾನು ಪುಸ್ತಕ ಪೆನ್ಸಿಲು ಹಿಡಿದು ಹೋದರೆ ಒಂದೇ ವಾಕ್ಯದಲ್ಲಿ ತಮಿಳು, ಕೊಡವ ತಕ್ಕ್, ಮಲೆಯಾಳ, ಕನ್ನಡ ಎಲ್ಲ ಕಲಸಿ ಉತ್ತರ ಕೊಡುತ್ತಿದ್ದಳು. ಯಾವುದೂ ಅವಳ ಸ್ವಂತದ್ದು ಅನ್ನಿಸುತ್ತಿರಲಿಲ್ಲ.

ಮೂರೋ ನಾಲ್ಕೋ ಸಲ ಹೋದ ಮೇಲೆ ಒಂದು ಸಂಜೆ ಅವಳ ಮನೆಯ ಮುಂದೆ ಕೂತಿದ್ದೆ. ಅವಳು ಒಳಗಿನಿಂದ ಒಂದು ಹಿಡಿ ನುಚ್ಚು ತಂದು, ಅಂಗಳದ ಮೂಲೆಯಲ್ಲಿದ್ದ ಕುಂಟು ಕೋಳಿಯನ್ನು ಕರೆದಳು. ನನ್ನ ಕಡೆ ಅವಳ ಗಮನ ಇರಲಿಲ್ಲ.

"ಬಾ ಕುಂಞಿ, ಬಾ. ಹಸ್ವಾತಾ? ನುಚ್ಚಿ ಉಟ್ಟು, ತಿನ್."

ನಾನು ಪೆನ್ಸಿಲು ಕೆಳಗಿಟ್ಟೆ. 'ಉಟ್ಟು' ಎಂದರೆ ನಮ್ಮ ಮಾತಿನಲ್ಲಿ 'ಇದೆ'. ಅವ್ವ ಕರುವನ್ನು ಮಾತಾಡಿಸುವುದು ಇದೇ ರಾಗದಲ್ಲಿ. ಆ ಲೈನಿನಲ್ಲಿ ಆ ಮಾತು ಕಲಿಸುವವರು ಒಬ್ಬರೂ ಇರಲಿಲ್ಲ.

"ಅಜ್ಜಿ, ಈ ಮಾತು ಎಲ್ಲಿ ಕಲಿತಿರಿ?" ಎಂದೆ. ಆಗಲೂ ನಾನು ಕೇಳಿದ್ದು ಪುಸ್ತಕದ ಕನ್ನಡದಲ್ಲಿ.

ಅವಳು ಸಿಕ್ಕಿಬಿದ್ದವಳಂತೆ ನಕ್ಕಳು. "ಇದು ಮಾತಾ? ಇದು ಕೋಳಿಗೆ ಹೇಳೋದು ಟೀಚರಮ್ಮ. ಸಣ್ಣದಿರುವಾಗಿಂದು. ಬೇರೆ ಯಾರಿಗೆ ಹೇಳೋದು?"

ಆ ದಿನ ಅವಳು ತನಗೆ ನೆನಪಿದ್ದಷ್ಟನ್ನು ಹೇಳಿದಳು. ಏಳೆಂಟು ವರ್ಷದವಳಿದ್ದಾಗ ಸೋದರಮಾವನ ಜೊತೆ ಎರಡು ದಿನ ನಡೆದು ಬಂದಿದ್ದಳು. ದಾರಿಯೆಲ್ಲ ಹತ್ತುವುದೇ ಹತ್ತುವುದು. ಒಂದು ಕೊಯ್ಲು ಮುಗಿಸಿ ವಾಪಸು ಹೋಗುವುದು ಎಂದು ಮಾವ ಹೇಳಿದ್ದ. ಇಲ್ಲಿಗೆ ಬಂದ ಮೇಲೆ ಅವನಿಗೂ ಅವಳಿಗೂ ಚಳಿಜ್ವರ ಬಂತು. ಮಾವ ಸತ್ತ. ಅವಳು ಉಳಿದಳು. ಮೇಸ್ತ್ರಿಯ ಹೆಂಡತಿ ಎತ್ತಿಕೊಂಡು ಹೋಗಿ ಗಂಜಿ ಕುಡಿಸಿ ಸಾಕಿದಳು. ಮನೆಯ ಬಗ್ಗೆ ನೆನಪಿದ್ದದ್ದು ಸ್ವಲ್ಪ. ಒಂದು ಹೊಳೆ. ಹೊಳೆಗೆ ಅಡಕೆ ಮರದ ಸಂಕ. ಆಚೆ ದಡದಲ್ಲಿ ಒಂದು ಸಣ್ಣ ಗುಡಿ. ತಲೆಗೆ ಅಡಕೆ ಹಾಳೆಯ ಟೊಪ್ಪಿ ಇಟ್ಟ ಅಪ್ಪ. ತೊಟ್ಟಿಲಿನಲ್ಲಿ ಒಂದು ತಮ್ಮ. ಮತ್ತೆ ಹೊಳೆಯ ನಡುವೆ ಎಮ್ಮೆಪಾದ. ಅದು ಮುಳುಗಿದರೆ ಮಕ್ಕಳು ಸಂಕ ದಾಟಬಾರದು ಎಂದು ಅವ್ವ ಹೆದರಿಸುತ್ತಿದ್ದಳಂತೆ.

ಎಮ್ಮೆಪಾದ ಎಂದರೆ ಎಮ್ಮೆಯ ಹೆಜ್ಜೆ ಮೂಡಿದ ಕಲ್ಲಿರಬೇಕು ಎಂದು ನಾನು ಬರೆದುಕೊಂಡೆ.

ಮುಂದಿನ ಭಾನುವಾರ ತರಗತಿಯಲ್ಲಿ ನನ್ನ ಟಿಪ್ಪಣಿ ಓದುವ ಸರದಿ. ಸಂಕ ಎಂಬ ಮಾತು ಬಂದಾಗ ಪ್ರೊಫೆಸರರು ತಡೆದರು. "ಕಾಲುಸೇತುವೆಗೆ ನಿಮ್ಮ ಕೊಡಗಿನಲ್ಲಿ ಸಂಕ ಅನ್ನುತ್ತಾರೆಯೇ?"

"ಇಲ್ಲ ಸರ್. ನಮ್ಮ ಕಡೆ ಪಾಲ ಅನ್ನುತ್ತೇವೆ."

ಪುತ್ತೂರಿನ ಕಡೆಯ ಒಬ್ಬರು ಕನ್ನಡ ಪಂಡಿತರು ನಮ್ಮ ಜೊತೆ ಓದುತ್ತಿದ್ದರು. ಅವರು ಹಿಂದಿನ ಬೆಂಚಿನಿಂದ ಎದ್ದರು. "ಸಂಕ ನಮ್ಮಲ್ಲಿ ಹೇಳುದು. ಮತ್ತೆ ಅದು ಎಮ್ಮೆಪಾದ ಅಲ್ಲ ಮಾರಾಯ್ರೆ, ಎಮ್ಮೆಪಾದೆ ಇರಬೇಕು. ಪಾದೆ ಅಂದರೆ ಬಂಡೆ. ಎಮ್ಮೆ ಮಲಗಿದ ಹಾಗೆ ಕಾಣುವ ಬಂಡೆ. ಸುಳ್ಯದಿಂದ ಮೇಲೆ ಪಯಸ್ವಿನಿಯಲ್ಲಿ ಅಂಥದ್ದೊಂದು ಉಂಟು. ನಾನೇ ನೋಡಿದ್ದೇನೆ."

ಪ್ರೊಫೆಸರರು ನಕ್ಷೆಯ ಹತ್ತಿರ ಹೋಗಿ ಸಂಪಾಜೆಯ ಕೆಳಗೆ ಕೋಲು ಇಟ್ಟರು. ಅಲ್ಲಿಯೂ ಅರೆಭಾಷೆ ಆಡುವವರಿದ್ದಾರೆ ಎಂದು ನನಗೆ ಗೊತ್ತಿತ್ತು. ನಮ್ಮ ಹಿರಿಯರೂ ಆ ಕಡೆಯಿಂದಲೇ ಹತ್ತಿ ಬಂದವರೆಂದು ಮನೆಯಲ್ಲಿ ಹೇಳುತ್ತಿದ್ದರು. ಆದರೆ ಕೆಲವು ವರ್ಷಗಳ ಹಿಂದಿನವರೆಗೆ ಅದು ಮದರಾಸು ರಾಜ್ಯ. ಘಟ್ಟದ ಕೆಳಗಿನ ಆ ಸೀಮೆ ನನ್ನ ಮನಸ್ಸಿನಲ್ಲಿ ಪರದೇಶವಾಗಿಯೇ ಉಳಿದಿತ್ತು.

ಪಾಠ ಮುಗಿದ ಮೇಲೆ ಪ್ರೊಫೆಸರರು ನನ್ನನ್ನು ನಿಲ್ಲಿಸಿಕೊಂಡರು. "ನೋಡಿಯಮ್ಮ, ನೀವು ಮಾತು ಸಂಗ್ರಹ ಮಾಡಲು ಹೋದವರು. ಆ ಮುದುಕಿಗೆ ಊರು ತೋರಿಸುತ್ತೇನೆ ಎಂದು ಹೊರಟರೆ ಅದು ಬೇರೆಯೇ ಕೆಲಸ. ಅಲ್ಲಿ ಯಾರೂ ಇಲ್ಲದಿರಬಹುದು. ಇದ್ದರೂ ಬೇಡ ಅನ್ನಬಹುದು. ಅದನ್ನು ಹೊತ್ತುಕೊಳ್ಳುವುದು ನೀವಲ್ಲ, ಅವಳು. ಯೋಚನೆ ಮಾಡಿ."

ನಾನು ಎರಡು ವಾರ ಯೋಚನೆ ಮಾಡಿದೆ. ಅಜ್ಜಿಗೆ ಏನೂ ಹೇಳಲಿಲ್ಲ. ಲೈನಿಗೆ ಹೋಗುವುದನ್ನೇ ನಿಲ್ಲಿಸಿದೆ. ಶಾಲೆಗೆ ರಜೆ ಬಂದಾಗ ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಯೋಚ್ನೆ ಮಾಡಿಕೆ ಎಂತ ಉಟ್ಟು? ನಾಳೆನೇ ಹೋಕು."

"ಅಲ್ಲಿ ಯಾರೂ ಇಲ್ಲದಿದ್ರೆ?"

"ಇಲ್ಲದಿದ್ರೆ ಇಲ್ಲೆ. ನೋಡದೆ ಹೇಂಗೆ ಗೊತ್ತಾದು? ನಾನೂ ಬನ್ನೆ. ಅಲ್ಲಿ ಮಾತಾಡಿಕೆ ಯಾರಾರ್ ಒಬ್ಬ ಬೇಕಲ."

ಅವ್ವ ಅದುವರೆಗೆ ಮಡಿಕೇರಿಯಿಂದ ಆಚೆ ಹೋದವಳಲ್ಲ. ಬಸ್ಸು ಸಂಪಾಜೆ ಘಟ್ಟ ಇಳಿಯುವಾಗ ಕಣ್ಣು ಮುಚ್ಚಿ ಕೂತಿದ್ದಳು. ಪಂಡಿತರು ಬರೆದುಕೊಟ್ಟ ಗುರುತು ಹಿಡಿದು ಒಂದು ಕಡೆ ಇಳಿದು, ಗದ್ದೆಯ ಬದುವಿನಲ್ಲಿ ಒಂದು ಗಂಟೆ ನಡೆದೆವು. ಹೊಳೆ ಕಂಡಿತು. ನಡುವೆ ಕಪ್ಪು ಬಂಡೆ, ಕೊರಳು ಚಾಚಿ ಮಲಗಿದ ಎಮ್ಮೆಯಂತೆಯೇ. ಸಂಕ ಇತ್ತು, ಅಡಕೆ ಮರದ್ದು, ಬಿದಿರಿನ ಕೈಹಿಡಿ. ಆಚೆ ಸಣ್ಣ ಗುಡಿ. ನಾನು ಅಲ್ಲೇ ನಿಂತುಬಿಟ್ಟೆ. ಅಜ್ಜಿ ಐವತ್ತು ವರ್ಷ ಕಣ್ಣೊಳಗೆ ಇಟ್ಟುಕೊಂಡದ್ದನ್ನು ಅವಳಿಗಿಂತ ಮೊದಲು ನಾನು ನೋಡುತ್ತಿದ್ದೇನೆ ಅನ್ನಿಸಿ ತಪ್ಪು ಮಾಡಿದಂತಾಯಿತು.

ಹತ್ತಿರದ ಮನೆಯ ಅಂಗಳದಲ್ಲಿ ಒಬ್ಬರು ಹಗ್ಗ ಹೊಸೆಯುತ್ತಿದ್ದರು. ತಲೆಗೂದಲು ನರೆತಿತ್ತು. ಅವ್ವ ಹೋಗಿ ಜಗಲಿಯ ಅಂಚಿನಲ್ಲಿ ಕೂತು, ನೀರು ಬೆಲ್ಲ ಬರುವವರೆಗೆ ಮಳೆ ಬೆಳೆ ಮಾತಾಡಿ, ಆಮೇಲೆ ನಿಧಾನಕ್ಕೆ ಕೇಳಿದಳು, ಈ ಮನೆಯಿಂದ ಸಣ್ಣ ಗೂಡೆ, ಅಂದರೆ ಹುಡುಗಿ, ಮಾವನ ಜೊತೆ ಘಟ್ಟ ಹತ್ತಿ ಹೋದದ್ದು ಉಂಟೇ ಎಂದು.

ಅವರ ಕೈಯಲ್ಲಿದ್ದ ನಾರು ಜಾರಿತು. "ನನ್ನ ಅಕ್ಕ. ನಾ ತೊಟ್ಲ್‌ಲಿ ಇರ್ಕನ ಹೋದ್ದ್. ಇಬ್ರೂ ಚಳಿಜರಲಿ ಸತ್ತೊ ಹೇಳಿ ಸುದ್ದಿ ಬಾತ್."

"ಮಾವ ಸತ್ತದ್ ಹೌದು," ಎಂದಳು ಅವ್ವ. "ನಿಮ್ಮಕ್ಕ ಬದ್ಕಿ ಉಟ್ಟು."

ಅವರು ನಾರನ್ನು ಎತ್ತಿ ಬದಿಗಿಟ್ಟರು. ಆಮೇಲೆ ಹೇಳಿದ್ದನ್ನು ನಾನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಸುದ್ದಿ ಬಂದ ವರ್ಷ ಅಪ್ಪ ಅವಳ ಬೊಜ್ಜ ಮಾಡಿ ಮುಗಿಸಿದ್ದರು. ಸತ್ತವರಿಗೆ ಮಾಡುವ ಎಲ್ಲ ಕ್ರಿಯೆಗಳೂ ಆಗಿದ್ದವು. ವರ್ಷಕ್ಕೊಮ್ಮೆ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ಅವಳಿಗೂ ಒಂದು ಎಲೆ ಹಾಕುತ್ತಿದ್ದರು.

"ಸಾಯಿಕನ ಸಣ್ಣ ಗೂಡೆ ಅಲ," ಎಂದರು ಅವರು, "ಅದ್ಕೆ ಸಣ್ಣ ಎಲೆ. ಅವ್ವ ಇರ್ಕನ ಅವ್ವ ಹಾಕ್ತಿತ್ತ್. ಈಗ ನಾ ಹಾಕ್ನೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹೊಳೆಯ ಕಡೆ ತಿರುಗಿ ಕೂತೆ.

ಪಾಲಿಬೆಟ್ಟಕ್ಕೆ ಬಂದ ಮರುದಿನ ಕಣಕ್ಕೆ ಹೋದೆ. ಅಜ್ಜಿ ಚಾಪೆಯ ಮೇಲೆ ಕೂತು ಕರಿ ಕಾಳು ಬೇರೆ ಮಾಡುತ್ತಿದ್ದಳು. "ಎಲ್ಲಿ ಟೀಚರಮ್ಮ, ಎಷ್ಟೋ ದಿನ ಆಯ್ತು," ಎಂದಳು. ನಾನು ಪಕ್ಕದಲ್ಲಿ ಕೂತು, ಹೊಳೆ ನೋಡಿದೆ, ಎಮ್ಮೆಪಾದೆ ನೋಡಿದೆ, ಸಂಕ ಈಗಲೂ ಇದೆ, ನಿಮ್ಮ ತಮ್ಮ ಇದ್ದಾರೆ ಎಂದೆ. ಅವಳ ಬೆರಳು ಕಾಳುಗಳ ಮೇಲೆ ಓಡಾಡುತ್ತಲೇ ಇತ್ತು. ಕೇಳಿಸಿತೋ ಇಲ್ಲವೋ ಎಂದು ಗಾಬರಿಯಾಯಿತು. ಕಣದಲ್ಲಿ ರೈಟರು, ಬೇರೆ ಹೆಂಗಸರು, ಎಲ್ಲ ಇದ್ದರು.

ಕೊನೆಗೆ ಅವಳು ತಲೆಯೆತ್ತದೆ, ಕೋಳಿಯನ್ನು ಕರೆಯುವ ಆ ಮಾತಿನಲ್ಲೇ ಕೇಳಿದಳು.

"ಅವ್ವ ಉಟ್ಟಾ?"

"ಇಲ್ಲೆ," ಎಂದೆ ನಾನು. "ಅವ್ವ ಹೋಗಿ ಸುಮಾರ್ ಕಾಲ ಆತ್."

ಹೊರಗಿನವರ ಎದುರು ನಾನು ಗಟ್ಟಿಯಾಗಿ ನಮ್ಮ ಮಾತು ಆಡಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಅದು ನನ್ನ ಗಮನಕ್ಕೂ ಬರಲಿಲ್ಲ. ಅವಳು ಎದ್ದು, ಸೀರೆ ಕೊಡವಿಕೊಂಡು, ಲೈನಿನ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ಕೆಲಸಕ್ಕೆ ಬರಲಿಲ್ಲ. ರೈಟರು ಅವಳ ಹಾಜರಿಯನ್ನು ತಪ್ಪಿಸಲಿಲ್ಲ.

ಹತ್ತು ದಿನಗಳಲ್ಲಿ ಅಜ್ಜಿಯ ತಮ್ಮ ಬಂದರು. ಒಗೆದ ಪಂಚೆ, ತಲೆಗೆ ರುಮಾಲು, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಹಲಸಿನ ಬೀಜದ ಸಾಂತಾಣಿ. ಬೇಯಿಸಿ ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದ್ದು. ಲೈನಿನವರೆಲ್ಲ ಬಾಗಿಲಿಗೆ ಬಂದು ನಿಂತರು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡುತ್ತ ನಿಂತರೇ ಹೊರತು ಮಾತು ಹುಟ್ಟಲಿಲ್ಲ. ಅವಳಿಗೆ ಬರುತ್ತಿದ್ದ ನಮ್ಮ ಮಾತು ಎಂಟು ವರ್ಷದ ಹುಡುಗಿಯದು. ದೊಡ್ಡವರು ಆಡುವಷ್ಟು ಅದರಲ್ಲಿ ಇರಲಿಲ್ಲ. ಅವರಿಗೆ ಅವಳ ತಮಿಳು ತಿಳಿಯದು. ನಾನು ನಡುವೆ ಕೂತು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಹೇಳಿದೆ. ಮೇಸ್ತ್ರಿಯ ಹೆಂಡತಿಯ ಬಗ್ಗೆ, ಗಂಡನ ಬಗ್ಗೆ, ಹೋದ ಮಕ್ಕಳ ಬಗ್ಗೆ ಅವಳು ಹೇಳಿದಳು. ಅವರು ಒಂದೊಂದಕ್ಕೂ ತಲೆಯಾಡಿಸಿದರು. ಸಾಂತಾಣಿಯ ಗಂಟು ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡಾಗ ಮಾತ್ರ ಅವಳು ಜೋರಾಗಿ ಅತ್ತಳು. ತಮ್ಮ ಏನು ಮಾಡುವುದೆಂದು ತಿಳಿಯದೆ ರುಮಾಲನ್ನು ಬಿಚ್ಚಿ ಅವಳ ಕೈಗೆ ಕೊಟ್ಟರು.

ಮರುದಿನ ಅವಳು ಅವರ ಜೊತೆ ಬಸ್ಸು ಹತ್ತಿದಳು. ಕೋಳಿಯನ್ನು ಪಕ್ಕದ ಮನೆಗೆ ಒಪ್ಪಿಸಿದ್ದಳು. ಇನ್ನು ಬರುವುದಿಲ್ಲ ಎಂದೇ ನಾವೆಲ್ಲ ತಿಳಿದೆವು. ಹದಿನೈದು ದಿನಕ್ಕೆ ಒಬ್ಬಳೇ ವಾಪಸು ಬಂದಳು.

ಏನಾಯಿತೆಂದು ನಾನು ಕೇಳಿದ್ದಕ್ಕೆ ಸ್ವಲ್ಪಸ್ವಲ್ಪವಾಗಿ ಹೇಳಿದಳು. ಅವ್ವನನ್ನು ಸುಟ್ಟ ಜಾಗ ತೋರಿಸಿದರಂತೆ. ಸಂಕದ ಮೇಲೆ ದಿನಾ ಹೋಗಿ ನಿಂತಳಂತೆ. ಆದರೆ ಕುಟುಂಬದ ಹಿರಿಯರು, ಬೇರೆ ಜಾತಿಯವರ ಮನೆಯಲ್ಲಿ ಬೆಳೆದು ಅವರಲ್ಲೇ ಮದುವೆಯಾದವಳು, ಮೇಲಾಗಿ ಬೊಜ್ಜ ಆದವಳು, ಒಳಗಿನ ಪಂಕ್ತಿಯಲ್ಲಿ ಹೇಗೆ ಕೂರುವುದು ಎಂದರಂತೆ. ಮೊದಲ ದಿನ ಅವಳಿಗೆ ಜಗಲಿಯಲ್ಲಿ ಬಡಿಸಿದರು. ಒಳಗೆ ಊಟಕ್ಕೆ ಕೂತಿದ್ದ ತಮ್ಮ ಅದನ್ನು ನೋಡಿ, ಬಡಿಸಿದ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದು ಅವಳ ಪಕ್ಕ ಕೂತರು. ಅವಳಿದ್ದ ಅಷ್ಟೂ ದಿನ ಅವರು ಒಳಗೆ ಉಣ್ಣಲಿಲ್ಲ.

"ಹಿರಿಯರು ಹಾಗೆ ಮಾಡಿದರು ಅಂತ ಬಂದಿರಾ ಅಜ್ಜಿ?" ನನಗೆ ಸಿಟ್ಟು ಬಂದಿತ್ತು.

"ಅಲ್ಲ. ನಮ್ಮವ್ರು, ಎರಡು ಮಕ್ಕಳು, ಎಲ್ಲ ಇಲ್ಲೇ ಮಣ್ಣಾಗಿದ್ದಾರೆ ಟೀಚರಮ್ಮ. ಬಿಟ್ಟು ಹೇಗೆ ಇರೋದು?" ಎಂದಳು. ಆಮೇಲೆ ನಮ್ಮ ಮಾತಿಗೆ ಹೊರಳಿದಳು. "ಅಂವ ನನ್ನೊಟ್ಟಿಗೆ ಜಗ್ಲಿಲಿ ಉಂಡ. ಸಾಕ್."

ಪ್ರೊಫೆಸರರು ಹೇಳಿದ್ದು ನನಗೆ ಆಗ ನೆನಪಾಯಿತು. ಅವಳು ಹೊತ್ತುಕೊಂಡು ಬಂದದ್ದರಲ್ಲಿ ಒಳ್ಳೆಯದೆಷ್ಟು, ನೋವೆಷ್ಟು ಎಂದು ತೂಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಪ್ರಬಂಧವನ್ನು ಬರೆದು ಮುಗಿಸಿದೆ. ಲೈನಿನ ಮನೆಗಳ ನಕ್ಷೆ, ಪದಪಟ್ಟಿ, ಹಬ್ಬಹರಿದಿನ, ಊಟತಿಂಡಿ ಎಲ್ಲ ಅದರಲ್ಲಿತ್ತು. ಸಂಕ ಮತ್ತು ಪಾದೆಯ ಬಗ್ಗೆ ಒಂದು ಪುಟ. ಅಜ್ಜಿಯ ಊರಿನ ವಿಷಯ ಬರೆಯಲಿಲ್ಲ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಆ ಪುಟ ತಿರುವಿ, "ಈ ಪದಗಳು ಎಸ್ಟೇಟಿಗೆ ಹೇಗೆ ಬಂದವು ಎನ್ನುವುದಕ್ಕೆ ಆಧಾರವೇ ಕೊಟ್ಟಿಲ್ಲವಲ್ಲ?" ಎಂದರು.

"ಆಧಾರ ಗೊತ್ತಿದೆ ಸರ್. ಬರೆಯುವುದು ಬೇಡ ಅನ್ನಿಸಿತು," ಎಂದೆ.

ಅವರು ಹುಬ್ಬೇರಿಸಿದರು. ನಮ್ಮ ಪ್ರೊಫೆಸರರು ಕಿಟಕಿಯ ಕಡೆ ನೋಡುತ್ತ, "ಮುಂದಿನ ಪ್ರಶ್ನೆ ಕೇಳಿ," ಎಂದರು. ನನಗೆ ಎರಡನೆಯ ದರ್ಜೆ ಬಂತು. ಸರ್ಟಿಫಿಕೇಟನ್ನು ಅಂಚೆಯಲ್ಲಿ ಕಳಿಸಿದರು.

ಅದೇ ವರ್ಷ ನನ್ನನ್ನು ಮಾದಾಪುರಕ್ಕೆ ವರ್ಗ ಮಾಡಿದರು. ಹೊರಡುವ ದಿನ ಅಜ್ಜಿ ಬಸ್ಸಿನವರೆಗೆ ಬಂದು ನನ್ನ ಟ್ರಂಕಿನ ಪಕ್ಕ ನಿಂತಿದ್ದಳು. ಎರಡು ವರ್ಷದ ಮೇಲೆ ರೈಟರ ಕಾಗದ ಬಂತು. ಅಜ್ಜಿ ನಾಲ್ಕು ದಿನ ಜ್ವರದಲ್ಲಿ ಮಲಗಿ ತೀರಿಕೊಂಡಳು ಎಂದು ಬರೆದಿದ್ದರು. ತಂತಿ ಕೊಟ್ಟಿದ್ದರಿಂದ ತಮ್ಮ ಬಂದು ತಲುಪಿದ್ದರು. ಲೈನಿನವರು ತಮ್ಮ ಪದ್ಧತಿಯಂತೆ ಎಲ್ಲ ಮಾಡಿದರು. ಅವಳ ತಮ್ಮ ಯಾವುದಕ್ಕೂ ಅಡ್ಡಿ ಹೇಳದೆ, ಗಂಡ ಮಕ್ಕಳ ಪಕ್ಕದಲ್ಲೇ ಗುಂಡಿ ತೋಡುವಾಗ ತಾವೂ ಹಾರೆ ಹಿಡಿದು ಮಣ್ಣು ತೆಗೆದರು.

ಆ ಕಾಗದವನ್ನು ರಜೆಯಲ್ಲಿ ಮನೆಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅವ್ವ ಎಲ್ಲ ಕೇಳಿ, "ಆ ತಮ್ಮಂಗೆ ಒಂದ್ ಕಾಗ್ದ ಬರಿ. ನಾ ಹೇಳ್ನೆ," ಎಂದಳು. ಅವಳು ಹೇಳುತ್ತ ಹೋದಳು. ನಾನು ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆದೆ. ಒಂದು ಅಕ್ಷರವನ್ನೂ ತಿದ್ದಲಿಲ್ಲ.